ಶಾಂತರೇಖೆ

ಅಥವಾ ಆ ಮನುಷ್ಯ ನಿಜವಾಗಿಯೂ ಹೆದರಿರಲೇ ಇಲ್ಲವೇನೋ. ಹಾಗೂ ಇರಬಹುದಲ್ಲ. ಪಕ್ಕದಲ್ಲಿ ನಿಂತ ಜೊತೆಗಾರನ ಕೈಗೆ ಕೊಡಲಿ ಬಿದ್ದರೂ ಎದೆ ನಡುಗದವರು ಇರುತ್ತಾರೇನೋ. ಅಂಥವರು ಇಲ್ಲವೆಂದು ಹೇಳಲು ತಾನು ಯಾರು? ತಾನು ಕೊಡಲಿಯನ್ನು ಅಷ್ಟು ಹತ್ತಿರದಿಂದ ಕಂಡವನೇ ಅಲ್ಲ. ಆದರೆ ಹೆದರದ ಮನುಷ್ಯ ಟ್ರಿಗರನ್ನು ಮತ್ತೆ ಮತ್ತೆ ಎಳೆದದ್ದಾದರೂ ಏಕೆ?

ಸುಧೀಂದ್ರ ಕಟ್ಟಿ ಪರದೆಯ ಮೇಲಿನ ಗೆರೆಯನ್ನು ಹಿಂದಕ್ಕೆ ಎಳೆದು ಮೊದಲಿನಿಂದ ನೋಡತೊಡಗಿದ. ಬೆಳಗಿನಿಂದ ಅದೇ ಕೆಲಸ. ಹೆಡ್ ಕಾನ್‌ಸ್ಟೆಬಲ್ ಯಮನಪ್ಪ ತಳವಾರನ ಪಿಸ್ತೂಲಿನ ಹಿಡಿಕೆ ದಾಖಲಿಸಿಕೊಂಡ ಗೆರೆ ಅದು. ಒರೆಯಿಂದ ಹೊರಬಂದ ಕ್ಷಣದಿಂದ ಮೇಲೇರುತ್ತದೆ, ಏರುತ್ತದೆ, ಪಿಸ್ತೂಲಿನೊಳಗಿನ ಬೀಗ ತೆರೆಯಬೇಕಾದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಸುಸ್ತಾದವನಂತೆ ನಿಂತುಬಿಡುತ್ತದೆ. ಆ ಮಟ್ಟವನ್ನು ಅದು ಮುಟ್ಟುವುದೇ ಇಲ್ಲ. ನಡುವೆ ಟ್ರಿಗರ್ ಎಳೆದ ಗುರುತುಗಳು, ಮುಚ್ಚಿದ ಬಾಗಿಲನ್ನು ತಟ್ಟಿದ ಹಾಗೆ.

ಪೆರೇಡ್ ಮೈದಾನದ ಅಂಚಿನ ಹಳೆಯ ಶಸ್ತ್ರಾಗಾರದ ಒಂದು ಕೋಣೆಯೇ ಅವನ ಪ್ರಯೋಗಾಲಯ. ಗೋಡೆಗಳಿಗೆ ಇನ್ನೂ ಬಂದೂಕಿನ ಎಣ್ಣೆಯ ವಾಸನೆ. ಶರೀರಕ್ರಿಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನಿಗೆ ಪೊಲೀಸು ಇಲಾಖೆಯಲ್ಲಿ ಏನು ಕೆಲಸ ಎಂದು ಬೀಗರು ಕೇಳುತ್ತಿದ್ದರು. ಅವನು ಮಾತು ಬದಲಿಸುತ್ತಿದ್ದ. ಹೆದರಿಕೆಯನ್ನು ಅಳೆಯುತ್ತೇನೆ ಎಂದರೆ ಮುಂದಿನ ಪ್ರಶ್ನೆಗಳಿಗೆ ಕೊನೆಯಿರುತ್ತಿರಲಿಲ್ಲ.

ಹೊಸ ಕಾಯ್ದೆ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಪತ್ರಿಕೆಗಳಲ್ಲಿ ಒಂದೇ ಅಚ್ಚಿನ ಸುದ್ದಿ ಬರುತ್ತಿತ್ತು: ಆರೋಪಿಯನ್ನು ಮಹಜರಿಗೆಂದು ಕರೆದೊಯ್ದಾಗ ಆತ ಪೊಲೀಸರ ಮೇಲೆ ಹಲ್ಲೆ ಮಾಡಿ ಓಡಲು ಯತ್ನಿಸಿದ, ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಹಾರಿಸಲಾಯಿತು. ಜಾಗ ಬದಲಾಗುತ್ತಿತ್ತು, ಹೆಸರು ಬದಲಾಗುತ್ತಿತ್ತು, ವಾಕ್ಯ ಬದಲಾಗುತ್ತಿರಲಿಲ್ಲ. ನಿಜವಾಗಿಯೂ ಪ್ರಾಣಭಯವಿತ್ತೋ ಇಲ್ಲವೋ ಎಂದು ನ್ಯಾಯಾಲಯ ಕೇಳಿದಾಗ ಹೇಳುವವರು ಯಾರೂ ಇರಲಿಲ್ಲ. ಭಯಕ್ಕೆ ಸಾಕ್ಷಿಯಿಲ್ಲ. ಕಡೆಗೆ ಆ ಸಾಕ್ಷಿಯನ್ನು ಪಿಸ್ತೂಲಿನ ಒಳಗೇ ಕೂರಿಸಿದರು. ಹಿಡಿಕೆಯ ಮೇಲೆ ತೆಳ್ಳನೆಯ ಲೋಹದ ತಗಡು. ಅಂಗೈಯ ಬೆವರು, ನಾಡಿಯ ಬಡಿತ, ಬೆರಳುಗಳ ಸಣ್ಣ ನಡುಕ ಮೂರನ್ನೂ ಅದು ಓದುತ್ತದೆ. ಹಿಡಿದವನಿಗೆ ಪ್ರಾಣಭಯವಾದರೆ ಒಳಗಿನ ಬೀಗ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಸಿಟ್ಟಿನಿಂದ ಗುಂಡು ಹಾರುವುದಿಲ್ಲ, ಮೇಲಿನವರ ಮಾತಿನಿಂದಲೂ ಹಾರುವುದಿಲ್ಲ. ಸರಕಾರಿ ಭಾಷೆಯಲ್ಲಿ ಅದು ಭಯಸಂವೇದಿ ಬೀಗ. ಪೇದೆಗಳ ಬಾಯಲ್ಲಿ ಅಂಜಿಕೀಲಿ.

ಎಲ್ಲರ ಮೈಯೂ ಒಂದೇ ಅಲ್ಲವಾದ್ದರಿಂದ ಪ್ರತಿಯೊಬ್ಬರೂ ಶಾಂತವಾಗಿದ್ದಾಗ ಮೈ ಹೇಗಿರುತ್ತದೆ ಎಂದು ಒಮ್ಮೆ ಅಳೆದು ಬೀಗಕ್ಕೆ ಕಲಿಸಬೇಕು. ಆ ಅಳತೆಯೇ ಶಾಂತರೇಖೆ. ಅದರ ಮೇಲೆ ಇಷ್ಟು ಪಟ್ಟು ಏರಿದರೆ ಭಯ ಎಂದು ಲೆಕ್ಕ. ಜಿಲ್ಲೆಯ ಪೊಲೀಸರೆಲ್ಲರ ಶಾಂತರೇಖೆಯನ್ನು ಅಳೆದವನು ಸುಧೀಂದ್ರನೇ.

ಕಾಯ್ದೆ ಪೊಲೀಸರಿಗಷ್ಟೇ ಸೀಮಿತವಾಗಿರಲಿಲ್ಲ. ಲೈಸೆನ್ಸಿನ ಬಂದೂಕುಗಳಿಗೂ ಅದೇ ಬೀಗ ಕಡ್ಡಾಯ, ಬೀಗವಿಲ್ಲದ್ದನ್ನು ಠಾಣೆಗೆ ಒಪ್ಪಿಸಬೇಕು. ಕರಿಕೊಪ್ಪಿಯ ಸಾಯಬಣ್ಣ ಒಪ್ಪಿಸಿರಲಿಲ್ಲ. ಕಬ್ಬಿಗೆ ಹಂದಿ ಬೀಳುತ್ತವೆಂದು ಅವನ ತಂದೆಯ ಕಾಲದಲ್ಲಿ ಪಡೆದ ಜೋಡು ನಳಿಗೆಯ ಬಂದೂಕು ಅದು. ನೋಟಿಸು ತಂದವರಿಗೆ, "ಹಂದಿಗೆ ಯಾರು ಅಂಜತಾರ್ರಿ? ಅಂಜಲಿಲ್ಲಂದ್ರ ಗುಂಡು ಹಾರೂದಿಲ್ಲಂತೀರಿ. ಮತ್ತ ನಾ ಹಂದೀಗೆ ಕೈ ಮುಗದು ಹೊಲಾ ಬಿಡ್ರೆಪಾ ಅನ್ನಲ್ಯಾ?" ಎಂದಿದ್ದನಂತೆ. ಖಂಡೇನವಮಿಯ ಆಯುಧಪೂಜೆ ಮುಗಿಸಿ ಕೊಡುತ್ತೇನೆ ಎಂದು ಗಡುವು ಪಡೆದಿದ್ದ. ಹಬ್ಬ ಕಳೆದ ಮೇಲೆ ಯಮನಪ್ಪನೂ ಹೊಸದಾಗಿ ಸೇರಿದ ಕಾನ್‌ಸ್ಟೆಬಲ್ ಸಿದ್ರಾಮನೂ ಹೋದರು. ಅರಿಸಿನ ಕುಂಕುಮ ಹತ್ತಿದ ಬಂದೂಕಿಗೆ ಸಿದ್ರಾಮ ಕೈ ಹಾಕಿದಾಗ ಸಾಯಬಣ್ಣನ ಮಗ ಒಳಗಿನಿಂದ ಕೊಡಲಿ ಹಿಡಿದು ಬಂದ. ಸಿದ್ರಾಮನ ಎಡಗೈಯ ಬೆರಳುಗಳು ಹೋದವು. ಯಮನಪ್ಪ ಪಿಸ್ತೂಲು ತೆಗೆದು ಎಳೆದ. ಅದು ಹಾರಲಿಲ್ಲ. ಮಗ ಬಂದೂಕನ್ನು ಹೆಗಲಿಗೇರಿಸಿಕೊಂಡು, ಅವಸರವಿಲ್ಲದೆ, ಕಬ್ಬಿನ ನಡುವೆ ನಡೆದುಹೋದ.

ಈಗ ಇಲಾಖೆಯ ಪ್ರಶ್ನೆ ಒಂದೇ. ನೀನು ಏಕೆ ಹೆದರಲಿಲ್ಲ? ಹೆದರದಿದ್ದವನಿಗೆ ಆಪತ್ತಿರಲಿಲ್ಲ. ಆಪತ್ತಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತೆಂದರೆ ಸಾಯಬಣ್ಣನ ಜೊತೆ ಒಳಗೊಳಗೇ ಮಾತಾಗಿರಬೇಕು, ಟ್ರಿಗರ್ ಎಳೆದದ್ದು ತೋರಿಕೆಗೆ. ಯಮನಪ್ಪನನ್ನು ಅಮಾನತಿನಲ್ಲಿಟ್ಟಿದ್ದರು. ಸೋಮವಾರ ಜಿಲ್ಲಾ ಪೊಲೀಸ್ ಸಾಹೇಬರೇ ವಿಚಾರಣೆ ನಡೆಸುವವರಿದ್ದರು. ಬೀಗ ಸರಿಯಿದೆ ಎಂದು ಸುಧೀಂದ್ರ ಹೇಳಿದರೆ ಯಮನಪ್ಪನ ನೌಕರಿ ಹೋಗುತ್ತದೆ, ಮೇಲೆ ಮೊಕದ್ದಮೆ. ಬೀಗವನ್ನು ಅವನು ಬಿಚ್ಚಿ ನೋಡಿದ್ದ. ಅದು ಸರಿಯಾಗಿಯೇ ಇತ್ತು.

ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಯಮನಪ್ಪನೇ. ಹೇಳಿಕಳಿಸಿದ್ದಕ್ಕೆ ಬಂದಿದ್ದ. ಸಮವಸ್ತ್ರವಿಲ್ಲದೆ, ಬಿಳಿ ಅಂಗಿಯಲ್ಲಿ, ಬೇರೆ ಯಾರದೋ ಮನೆಗೆ ಬಂದವನ ಹಾಗೆ ಕಂಡ. ಕುರ್ಚಿಯ ತುದಿಯಲ್ಲಿ ಕುಳಿತ.

"ಆವಾಗ ನಿಮಗ ಏನನಸ್ತು, ಸ್ವಲ್ಪ ನೆನಪ ಮಾಡ್ಕೊಂಡು ಹೇಳ್ರಿ," ಎಂದ ಸುಧೀಂದ್ರ.

"ಏನ ಅನಸಬೇಕ್ರಿ ಸರ್?"

"ಅಂಜಿಕಿ?"

ಯಮನಪ್ಪ ಮೀಸೆಯ ಮೇಲೆ ಬೆರಳಾಡಿಸಿದ. "ಹೇಳಿಕ್ಯಾಗ ಬರದಾರಲ್ರಿ. ಧೃತಿಗೆಡದೆ ಎದುರಿಸಿರುತ್ತೇನೆ ಅಂತ. ನಮ್ಮ ಠಾಣ್ಯಾಗಿನ ರೈಟರ್ ಎಲ್ಲಾರದಕ್ಕೂ ಹಂಗ ಬರೀತಾನ್ರಿ. ಪೊಲೀಸಪ್ಪ ಅಂಜಿದ ಅಂದ್ರ ಊರ ಮಂದಿ ನಕ್ಕೋತ ಅಡ್ಡಾಡತಾರ."

"ರೈಟರಂದ ಬಿಡ್ರಿ. ನಿಮ್ಮದು ಹೇಳ್ರಿ."

"ನಂದು ಏನ ಹೇಳ್ಲಿ ಸರ್. ಅಂಜಲಿಲ್ಲ ಅಂದ್ರ, ಸಾಯಬಣ್ಣನ ಕಡೆ ರೊಕ್ಕಾ ತಿಂದಾನ ಇವ ಅಂತಾರ. ಅಂಜಿದ್ನಿ ಅಂದ್ರ, ಪಿಸ್ತೂಲ ಸುಳ್ಳ ಹೇಳೂದಿಲ್ಲ, ನೀನ ಸುಳ್ಳ ಅಂತಾರ. ನೀವ ಹೇಳ್ರಿ. ನೀವು ಗೆರಿ ನೋಡೀರಿ. ಆವಾಗ ನಾ ಏನಾಗಿದ್ನಿ?"

ಅದು ಕೊಂಕು ಮಾತಾಗಿರಲಿಲ್ಲ. ಆ ಮನುಷ್ಯ ನಿಜಕ್ಕೂ ಕೇಳುತ್ತಿದ್ದ. ತನ್ನ ಎದೆಯಲ್ಲಿ ಆದದ್ದನ್ನು ಇನ್ನೊಬ್ಬನ ಪರದೆಯ ಮೇಲೆ ನೋಡಿ ತಿಳಿಯಲು ಬಂದಿದ್ದ. ಸುಧೀಂದ್ರ ಪರದೆಯನ್ನು ಅವನ ಕಡೆ ತಿರುಗಿಸಿದ. ಯಮನಪ್ಪ ಕಣ್ಣು ಕಿರಿದಾಗಿಸಿಕೊಂಡು ಬಹಳ ಹೊತ್ತು ನೋಡಿದ.

"ಇದು ನಾನ ಏನ್ರಿ?" ಎಂದ ಕಡೆಗೆ.

ಸುಧೀಂದ್ರ ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ.

ಸಂಜೆ ಮನೆಗೆ ಹೋದಾಗ ವೈಜಯಂತಿ ಬದನೆಕಾಯಿ ಹೆಚ್ಚುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ ಗಂಡನ ಮೌನಗಳಲ್ಲಿ ಯಾವುದು ದಣಿವಿನದು, ಯಾವುದು ಯೋಚನೆಯದು ಎಂದು ಬೇರ್ಪಡಿಸಲು ಅವಳು ಕಲಿತಿದ್ದಳು. ಇದು ಮೂರನೆಯ ಬಗೆಯದು.

"ಸೋಮವಾರದ್ದ ಏನು?" ಎಂದಳು.

"ಹೂಂ."

"ನಿಮ್ಮ ಮಷಿನ್ ಸರಿ ಅದನೋ ಇಲ್ಲೋ?"

"ಸರಿ ಅದ. ಅದ ಸಮಸ್ಯಾ."

"ಹಂಗಾದ್ರ ಅಂವಾ ಅಂಜಿಲ್ಲ."

"ಬೆರಳು ತುಂಡಾಗಿ ಬಿದ್ದದ್ದು ನೋಡ್ಯಾನ, ವೈಜೂ. ರಕ್ತ ಅವನ ಬೂಟಿನ ಮ್ಯಾಲೆ ಸಿಡಿದದ. ಅಂಜದ ಹೆಂಗಿರ್ತಾನ?"

"ಹಂಗಾದ್ರ ಮಷಿನ್ ಸರಿ ಇಲ್ಲ."

ಅವಳ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು. ಎರಡರಲ್ಲೊಂದು ಸುಳ್ಳು. ಅವನಿಗೆ ಎರಡೂ ನಿಜವೆನಿಸುತ್ತಿತ್ತು. ಊಟ ಮಾಡುತ್ತ ಅವನು ಶಾಂತರೇಖೆ ಅಳೆದ ದಿನವನ್ನು ನೆನಪಿಸಿಕೊಂಡ. ಪಕ್ಕದ ಜಿಲ್ಲೆಯಲ್ಲಿ ಒಬ್ಬರ ಬದಲು ಇನ್ನೊಬ್ಬರು ಹಿಡಿಕೆ ಹಿಡಿದು ಕುಳಿತ ಗಲಾಟೆಯಾಗಿತ್ತು. ಅದಕ್ಕೇ ಸಾಹೇಬರು, "ಎಲ್ಲರದೂ ನನ್ನ ಎದುರೇ ಆಗಲಿ, ಕಟ್ಟಿಯವರೇ. ನಾಳೆ ಯಾರೂ ನಮ್ಮ ಕಡೆ ಬೆರಳು ತೋರಿಸಬಾರದು," ಎಂದಿದ್ದರು. ಪೆರೇಡು ಮುಗಿದ ಮೇಲೆ ಮೈದಾನದಲ್ಲೇ ಶಾಮಿಯಾನ ಹಾಕಿ, ಮೇಜಿನ ಪಕ್ಕ ತಾವೇ ಕುರ್ಚಿ ಹಾಕಿಕೊಂಡು ಕುಳಿತರು. ಒಳ್ಳೆಯ ಮನುಷ್ಯ. ಹೊರರಾಜ್ಯದಿಂದ ಬಂದು ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತವರು. ಬಂದವರ ಹೆಸರು, ಊರು ಕೇಳುತ್ತಿದ್ದರು, ಮಕ್ಕಳ ಓದು ವಿಚಾರಿಸುತ್ತಿದ್ದರು. ಯಾರ ಮೇಲೂ ದನಿ ಏರಿಸಲಿಲ್ಲ. ಬೇರೆ ಜಿಲ್ಲೆಗಳಿಗಿಂತ ಇಲ್ಲಿಯ ರೇಖೆಗಳು ಎತ್ತರ ಬಂದದ್ದನ್ನು ಸುಧೀಂದ್ರ ಆಗಲೇ ಗಮನಿಸಿದ್ದ. ಬಿಸಿಲಲ್ಲಿ ಕವಾಯತು ಮಾಡಿ ಬಂದವರು, ಮೈ ಕಾದಿದೆ ಎಂದುಕೊಂಡಿದ್ದ. ಸಾಹೇಬರಿಗೆ ಹೇಳಿದಾಗ ಅವರು ಸಂತೋಷಪಟ್ಟಿದ್ದರು. "ನಮ್ಮ ಹುಡುಗರು ಚುರುಕು."

ಭಾನುವಾರ ಅವನು ಒಂದು ಹಿಡಿಕೆಯನ್ನೂ ಚಿಕ್ಕ ಪರದೆಯನ್ನೂ ಚೀಲದಲ್ಲಿ ಹಾಕಿಕೊಂಡು ಯಮನಪ್ಪನ ಮನೆಗೆ ಹೋದ. ಮೈ ತಣ್ಣಗಿರುವಾಗ ಒಮ್ಮೆ ಅಳೆದು ನೋಡೋಣ ಎಂಬುದಷ್ಟೇ ಉದ್ದೇಶ. ಪೊಲೀಸ್ ಕ್ವಾರ್ಟರ್ಸಿನ ಎರಡು ಕೋಣೆಯ ಮನೆ. ಯಮನಪ್ಪನ ಹೆಂಡತಿ ಸತ್ಯವ್ವ ಬಾಗಿಲಲ್ಲಿ ಕಾಳು ಹಸನು ಮಾಡುತ್ತ ಕುಳಿತಿದ್ದಳು. ಚೀಲದಿಂದ ಹೊರಬಂದ ಹಿಡಿಕೆಯನ್ನು ನೋಡಿ, "ಇದನ ಏನ್ರೀ ನಮ್ಮನಿಯವರ ಮಾನಾ ತಗದದ್ದು?" ಎಂದಳು.

"ಹಿಂದ ಸರೀ, ಸರ್ ಕುಂದರ್ಲಿ," ಎಂದ ಯಮನಪ್ಪ.

"ಕುಂದರ್ಲಿ, ನಾ ಏನ ಬ್ಯಾಡಂದ್ನಿ? ಸರ್, ಇವರಿಗೆ ಅಂಜಿಕಿ ಇಲ್ಲ ಅಂತ ಬರದೀರಂತಲ್ಲ. ಮನ್ಯಾಗ ಒಂದ ಹಲ್ಲಿ ಬಿದ್ರ ಚಾಪಿ ಬಿಟ್ಟ ಓಡತಾರ."

"ಹಲ್ಲಿ ಬ್ಯಾರೆ, ಮನಶ್ಯಾ ಬ್ಯಾರೆ."

"ಹೌದ ನೋಡ್ರಿ. ಮನಶ್ಯಾ ಅಂದ್ರ ಏನೂ ಇಲ್ಲ ಇವರಿಗೆ."

ಸುಧೀಂದ್ರ ನಕ್ಕ. ಬಹಳ ದಿನಗಳ ಮೇಲೆ ನಕ್ಕದ್ದು. ಯಮನಪ್ಪ ಗೋಡೆಗೊರಗಿ ಕಾಲು ಚಾಚಿ ಕುಳಿತು ಹಿಡಿಕೆ ಹಿಡಿದ. ಸತ್ಯವ್ವ ಚಹಾ ಇಟ್ಟಳು. ನೆರೆಯವರ ಆಡು ಒಳಗೆ ಇಣುಕಿತು, ಯಮನಪ್ಪ ಕಾಲಿನಿಂದಲೇ ಅದನ್ನು ಆಚೆ ತಳ್ಳಿದ. ಪರದೆಯ ಮೇಲೆ ಗೆರೆ ನೆಲಕ್ಕೆ ಹತ್ತಿರ ಹರಿಯುತ್ತಿತ್ತು, ಬೇಸಿಗೆಯ ಹಳ್ಳದ ಹಾಗೆ. ಕಡತದಲ್ಲಿದ್ದ ಶಾಂತರೇಖೆಯ ಅರ್ಧದಷ್ಟೂ ಇರಲಿಲ್ಲ.

ಸರಿ, ಬಿಸಿಲೇ ಕಾರಣ ಎಂದುಕೊಂಡ ಸುಧೀಂದ್ರ. ಮನಸ್ಸು ಹಗುರವಾಯಿತು. ಬಿಸಿಲಿನ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ.

ಅಷ್ಟರಲ್ಲಿ ಯಮನಪ್ಪನ ಮೊಬೈಲು ರಿಂಗಣಿಸಿತು. ಕಿಟಕಿಯಲ್ಲಿಟ್ಟಿದ್ದ ಅದನ್ನು ಸತ್ಯವ್ವ ತಂದು ಎಡಗೈಗೆ ಕೊಟ್ಟಳು. ಯಮನಪ್ಪ ಹೆಸರು ನೋಡಿದ. ನೋಡಿದವನೇ ಎದ್ದು ನಿಂತ. ಲುಂಗಿಯ ಮಡಿಕೆ ಇಳಿಯಿತು, ಹಿಮ್ಮಡಿಗಳು ಕೂಡಿದವು, ಎದೆ ಮುಂದೆ ಬಂತು. "ಜೈ ಹಿಂದ್ ಸರ್," ಎಂದು ಗೋಡೆಯ ಕ್ಯಾಲೆಂಡರಿಗೆ ಹೇಳಿದ. ಸಾಹೇಬರು ತಾವೇ ಫೋನು ಮಾಡಿದ್ದರು. ಸಿದ್ರಾಮನನ್ನು ಆಸ್ಪತ್ರೆಯಲ್ಲಿ ನೋಡಿ ಬಂದಿರುವುದಾಗಿಯೂ, ನಾಳೆಯ ವಿಚಾರಣೆಗೆ ಅಂಜದೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದೂ ಅವರು ಹೇಳುತ್ತಿದ್ದದ್ದು ಆ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. "ಸರ್. ಹೌದು ಸರ್. ಸರ್." ಅವನ ಬಲಗೈಯಲ್ಲಿ ಹಿಡಿಕೆ ಹಾಗೆಯೇ ಇತ್ತು.

ಸುಧೀಂದ್ರ ಪರದೆ ನೋಡಿದ. ಗೆರೆ ಗೋಡೆ ಹತ್ತುತ್ತಿತ್ತು. ಏರಿ ಏರಿ, ಕಡತದಲ್ಲಿದ್ದ ಶಾಂತರೇಖೆಗೆ ಸರಿಯಾಗಿ ಬಂದು, ಅಲ್ಲಿ ಸಣ್ಣಗೆ ನಡುಗುತ್ತ ನಿಂತಿತು.

ಹೊರಗೆ ಬಿಸಿಲಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಯಮನಪ್ಪನ ಹಣೆಯ ಮೇಲೆ ಬೆವರು ಮೂಡಿತ್ತು.

ಅವನು ಫೋನ್ ಇಟ್ಟು ಕುಳಿತ ಮೇಲೆ ಗೆರೆ ಇಳಿಯಿತು. ಸುಧೀಂದ್ರ ಚಹಾ ಕುಡಿಯುವುದನ್ನು ಮರೆತಿದ್ದ. ಒಂದು ದೇಹ ಏರಬಲ್ಲ ಎತ್ತರಕ್ಕೆ ಮಿತಿಯಿದೆ. ಗುಂಡಿಗೆ ಅದಕ್ಕಿಂತ ಜೋರಾಗಿ ಬಡಿಯಲಾರದು, ಚರ್ಮ ಅದಕ್ಕಿಂತ ಬೆವರಲಾರದು. ಅರ್ಧ ಎತ್ತರದಲ್ಲಿ ನಿಂತವನಿಗೆ ಇದು ನೆಲ ಎಂದು ಹೇಳಿಕೊಟ್ಟು, ಈಗ ಇನ್ನಷ್ಟು ಪಟ್ಟು ಏರು ಎಂದರೆ ಎಲ್ಲಿಗೆ ಏರಿಯಾನು? ಕೊಡಲಿಯ ಎದುರು ಯಮನಪ್ಪ ಮನುಷ್ಯನಿಗೆ ಸಾಧ್ಯವಿದ್ದಷ್ಟೂ ಹೆದರಿದ್ದ. ಅದು ಸಾಲಲಿಲ್ಲ. ಅಳತೆಯ ದಿನ ಸಾಹೇಬರ ಮುಂದಿದ್ದ ನಡುಕವನ್ನು ಬೀಗ ಅವನ ಶಾಂತಿಯೆಂದು ತಿಳಿದಿತ್ತು.

ಅವನು ಇದನ್ನು ಆದಷ್ಟು ಮೆತ್ತಗೆ ಹೇಳಿದ. ಯಮನಪ್ಪ ಕೇಳಿಸಿಕೊಂಡ. ಮುಖ ಕೆಂಪಾಯಿತು.

"ಅದು ಅಂಜಿಕಿ ಅಲ್ರಿ ಸರ್. ಮರ್ಯಾದಿ."

"ಮಷಿನ್ನಿಗೆ ಅದರಾಗಿನ ಫರಕು ಗೊತ್ತಾಗೂದಿಲ್ಲ."

"ನಿಮಗ ಗೊತ್ತಾಗತೈತಲ್ರಿ?"

ಸುಧೀಂದ್ರ ಯೋಚಿಸಿದ. ಗೊತ್ತಾಗುತ್ತದೆ ಎಂದು ಹೇಳಲು ಬಾಯಿ ತೆರೆದ. ಬೆವರು ಒಂದೇ, ಬಡಿತ ಒಂದೇ, ನಡುಕ ಒಂದೇ. ಎರಡಕ್ಕೂ ಎರಡು ಹೆಸರಿಟ್ಟವರು ಯಾರು, ಯಾವಾಗ ಇಟ್ಟರು?

"ಸಾಹೇಬರು ದೇವರಂಥವರ್ರಿ," ಎಂದ ಯಮನಪ್ಪ. "ನನಗ ಒಂದಿನ ಲೇ ಅಂದವರಲ್ಲ. ಅಂಥವರ ಮುಂದ ಹೋಗಿ ಇವ ನಿಮಗ ಕೊಡಲಿಗಿಂತ ಹೆಚ್ಚ ಅಂಜತಾನ ಅಂತ ಹೇಳ್ತೀರ್ಯಾ? ಅವರಿಗೂ ಮಾನ ಇಲ್ಲ, ನನಗೂ ಮಾನ ಇಲ್ಲ. ಬ್ಯಾಡ್ರಿ ಸರ್. ಮತ್ತೇನರ ಹೇಳ್ರಿ."

"ಮಾನ ಇಟಗೊಂಡು ಏನ ಮಾಡಾವರು?" ಎಂದಳು ಸತ್ಯವ್ವ ಒಲೆಯ ಕಡೆಯಿಂದ, ತಿರುಗದೆ. "ಆ ಹುಡುಗನ ಕೈ ನೋಡಿ ಬಂದೀನಿ ನಾ. ನಾಳೆ ಇನ್ನೊಬ್ಬರದು ಹೋಗತೈತಿ. ಹೇಳ್ರಿ ಸರ್ ನೀವು. ಇವರ ಮಾತ ಕೇಳಬ್ಯಾಡ್ರಿ."

"ನೀ ಸುಮ್ನಿರು."

"ಸುಮ್ನ ಇದ್ದದ್ದಕ್ಕ ಇಲ್ಲೀಮಟಾ ಬಂದೈತಿ."

ಗಂಡ ಹೆಂಡತಿ ಇಬ್ಬರೂ ಅವನ ಮುಖ ನೋಡಿದರು. ಅವನು ಹಿಡಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ.

ಮನೆಯಲ್ಲಿ ವೈಜಯಂತಿ ಎಲ್ಲವನ್ನೂ ಕೇಳಿ, "ಸಿಕ್ತಲ್ಲ ಮತ್ತ," ಎಂದಳು. "ನಾಳೆ ಹೇಳಿ ಬಿಡ್ರಿ. ಅವರು ಸಿಟ್ಟು ಮಾಡೋ ಮನುಷ್ಯರಲ್ಲ ಅಂತ ನೀವ ಅಂತೀರಲ್ಲ."

"ಒಬ್ಬಂದ ನೋಡೀನಿ. ಒಂದ ಸಲ. ಒಬ್ಬಂದು ನೋಡಿ ಎಲ್ಲಾರದೂ ಹಿಂಗ ಅಂತ ಹೆಂಗ ಹೇಳೂದು?"

"ಹಂಗಾದ್ರ ಇನ್ನೊಂದಿಷ್ಟು ಮಂದೀದು ನೋಡಬೇಕು ಅಂತನಾದರೂ ಹೇಳ್ರಿ."

ಅವನು ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತ ಕುಳಿತ. ಸಿಟ್ಟು ಮಾಡುವ ಸಾಹೇಬರಾಗಿದ್ದರೆ ಹೇಳುವುದು ಸುಲಭವಾಗುತ್ತಿತ್ತೇನೋ ಎಂದು ಅವನಿಗೆ ಅನಿಸಿತು. ಅಂಥವರಿಗೆ ತಮ್ಮನ್ನು ಕಂಡರೆ ಜನ ನಡುಗುತ್ತಾರೆಂದು ಗೊತ್ತಿರುತ್ತದೆ. ಇವರಿಗೆ ಗೊತ್ತಿಲ್ಲ. ಅಥವಾ ಇದು ನೆಪವೋ. ಯೋಚಿಸುತ್ತ ಹೋದಷ್ಟೂ, ಯಾವುದು ವಿಜ್ಞಾನಿಯ ಎಚ್ಚರ, ಯಾವುದು ಸಂಬಳದವನ ಎಚ್ಚರ ಎಂಬುದು ಕಲಸಿಹೋಯಿತು.

ಸೋಮವಾರ ಸಾಹೇಬರ ಕೋಣೆಯಲ್ಲಿ ಯಮನಪ್ಪ ಗೋಡೆಯ ಪಕ್ಕ ನಿಂತಿದ್ದ. ಸುಧೀಂದ್ರನಿಗೆ ಕುಳಿತುಕೊಳ್ಳಲು ಹೇಳಿದರು. ಅವನು ಕುಳಿತ. ಆಮೇಲೆ ನೋಡಿಕೊಂಡರೆ, ಅವನೂ ಕುರ್ಚಿಯ ತುದಿಯಲ್ಲೇ ಕುಳಿತಿದ್ದ.

"ಕಟ್ಟಿಯವರೇ," ಎಂದರು ಸಾಹೇಬರು. ಪ್ರತಿ ಅಕ್ಷರವನ್ನೂ ಜೋಪಾನವಾಗಿ ಇಡುವ ಕನ್ನಡ. "ನಾನು ಎರಡು ರಾತ್ರಿಗಳಿಂದ ನಿದ್ರೆ ಮಾಡಿಲ್ಲ. ಈ ಬೀಗ ನಮ್ಮ ಜಿಲ್ಲೆಗೆ ಬೇಕೆಂದು ಹಟ ಮಾಡಿದವನು ನಾನು. ನನ್ನ ಹುಡುಗನೊಬ್ಬ ಬೆರಳು ಕಳೆದುಕೊಂಡ. ಇನ್ನೊಬ್ಬ ಕಳ್ಳನೆನಿಸಿಕೊಂಡು ಇಲ್ಲಿ ನಿಂತಿದ್ದಾನೆ. ತಪ್ಪು ಎಲ್ಲಿದೆ, ನನಗೆ ಹೇಳಿ. ನನ್ನದೇ ಆದರೂ ಹೇಳಿ."

ಇದಕ್ಕಿಂತ ಅಗಲವಾಗಿ ಯಾರೂ ಬಾಗಿಲು ತೆರೆಯಲಾರರು. ಸುಧೀಂದ್ರನ ಅಂಗೈ ಒದ್ದೆಯಾಯಿತು. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡ.

"ಶಾಂತರೇಖೆಯಲ್ಲಿ ತಪ್ಪಾಗಿದೆ ಸರ್. ಇರಬೇಕಾದ್ದಕ್ಕಿಂತ ಎತ್ತರ ಇದೆ. ಹಾಗಾಗಿ ಬೀಗ ತೆರೆಯಲಿಲ್ಲ. ತಳವಾರ ಅವರು ಹೆದರಿದ್ದರು. ಟ್ರಿಗರನ್ನು ಪ್ರಾಮಾಣಿಕವಾಗಿಯೇ ಎಳೆದಿದ್ದಾರೆ."

ಗೋಡೆಯ ಪಕ್ಕದಲ್ಲಿ ಯಮನಪ್ಪ ಉಸಿರು ಬಿಟ್ಟದ್ದು ಕೇಳಿಸಿತು.

"ಏಕೆ ಎತ್ತರ ಬಂತು?"

ಫ್ಯಾನಿನ ಸದ್ದು. ಹೊರಗೆ ಯಾರೋ ಬೂಟು ಕುಟ್ಟಿ ಸೆಲ್ಯೂಟ್ ಹೊಡೆದ ಸದ್ದು. ಸುಧೀಂದ್ರ ಯಮನಪ್ಪನ ಕಡೆ ನೋಡಲಿಲ್ಲ. ನೋಡಿದ್ದರೆ ಅಲ್ಲಿ ಏನು ಕಾಣುತ್ತಿತ್ತೋ, ಬೇಡವೆನ್ನುವ ಕಣ್ಣೋ, ಹೇಳು ಎನ್ನುವ ಕಣ್ಣೋ, ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ.

"ಬಿಸಿಲು ಸರ್," ಎಂದ. "ಪೆರೇಡು ಮುಗಿದ ತಕ್ಷಣ ಮೈದಾನದಲ್ಲಿ ಅಳೆದೆವು. ಮೈ ಕಾದಿತ್ತು."

ಅದು ಪೂರ್ತಿ ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಬಿಸಿಲೂ ಇತ್ತು.

ಸಾಹೇಬರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಮುಖದ ಬಿಗುವು ಸಡಿಲಾಯಿತು. ಎದ್ದು ಯಮನಪ್ಪನ ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟರು. "ಇಲಾಖೆ ನಿಮಗೆ ಅನ್ಯಾಯ ಮಾಡಿತು, ತಳವಾರ. ನಾಳೆಯಿಂದ ಕೆಲಸಕ್ಕೆ ಬನ್ನಿ." ಯಮನಪ್ಪ, "ಸರ್," ಎಂದ. ಆ ಕೈಯ ಕೆಳಗೆ ಅವನ ಹೆಗಲು ಮರದ ಹಲಗೆಯಂತೆ ನಿಂತಿತ್ತು.

"ಎಲ್ಲರದೂ ಮತ್ತೆ ಅಳೆಯೋಣ," ಎಂದರು ಸಾಹೇಬರು ಸುಧೀಂದ್ರನ ಕಡೆ ತಿರುಗಿ. "ಈ ಸಲ ಬಿಸಿಲು ಬೇಡ. ಸಭಾಂಗಣದಲ್ಲಿ, ಎಸಿ ಹಾಕಿಸಿ ಮಾಡಿ. ಮತ್ತೆ ತಪ್ಪಾಗಬಾರದು. ಮೊದಲಿನಿಂದ ಕೊನೆಯವರೆಗೂ ನಾನೇ ಕೂರುತ್ತೇನೆ."

ಹೊರಗೆ ಕಾರಿಡಾರಿನಲ್ಲಿ ಯಮನಪ್ಪ ಅವನ ಎರಡೂ ಕೈ ಹಿಡಿದುಕೊಂಡ. "ಮಾನಾ ಉಳಿಸಿದ್ರಿ ಸರ್," ಎಂದ. ಆಮೇಲೆ ದನಿ ಇಳಿಸಿ ಕೇಳಿದ: "ಸಭಾಂಗಣದಾಗ ಸಾಹೇಬರು ಕುಂದರತಾರ ಅಂದ್ರಲ್ರಿ. ಮತ್ತ... ಹೆಂಗ?"

"ನೋಡೂಣು," ಎಂದ ಸುಧೀಂದ್ರ.

ವೈಜಯಂತಿ ಸಂಜೆ ಕೇಳಿದಾಗಲೂ ಅದನ್ನೇ ಹೇಳಿದ. ಅವಳು ಏನೂ ಅನ್ನಲಿಲ್ಲ. ಅವಳ ಮೌನವನ್ನು ಬೇರ್ಪಡಿಸಿ ನೋಡಲು ಅವನು ಎಂದೂ ಕಲಿತಿರಲಿಲ್ಲ.

ಸಭಾಂಗಣ ತಂಪಾಗಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದರು, ಬಂದವರಿಗೆಲ್ಲ ಚಹಾ ಇತ್ತು. ಸಾಹೇಬರು ಮೇಜಿನ ಪಕ್ಕದ ಕುರ್ಚಿಯಲ್ಲಿ, ಸಮವಸ್ತ್ರವನ್ನೂ ತೊಡದೆ, ಸಾದಾ ಅಂಗಿಯಲ್ಲಿ ಬಂದು ಕುಳಿತಿದ್ದರು. ಹುಡುಗರು ಹಗುರವಾಗಿರಲಿ ಎಂದು. "ಕೂತ್ಕೊಳ್ಳಿ. ಆರಾಮಾಗಿ ಕೂತ್ಕೊಳ್ಳಿ. ನಾನಿದ್ದೇನೆ, ಹೆದರಬೇಡಿ," ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಒಬ್ಬೊಬ್ಬರೂ ಬಂದು ಹಿಡಿಕೆ ಹಿಡಿಯುತ್ತಿದ್ದರು. ಬೆನ್ನು ಕುರ್ಚಿಗೆ ತಾಗುತ್ತಿರಲಿಲ್ಲ. ಪರದೆ ಇದ್ದದ್ದು ಸುಧೀಂದ್ರನ ಕಡೆಗೆ ಮಾತ್ರ. ಗೆರೆ ಏರಿ ನಿಲ್ಲುತ್ತಿತ್ತು, ಹಳೆಯ ಎತ್ತರಕ್ಕಿಂತ ಒಂದು ಕೂದಲೆಳೆ ಕಡಿಮೆ. ಬಿಸಿಲಿನ ಪಾಲು ಅಷ್ಟೇ ಇತ್ತು.

ಒಬ್ಬನದಾಯಿತು. ಇನ್ನೊಬ್ಬನದಾಯಿತು. ಈಗ ಹೇಳುತ್ತೇನೆ, ಇವನದು ಮುಗಿಯಲಿ ಎಂದುಕೊಂಡ. ಇವನದು ಮುಗಿಯಿತು. ಹೊಸದಾಗಿ ತರಬೇತಿ ಮುಗಿಸಿದ ಒಂದು ಹುಡುಗಿ ಬಂದಳು, ಅವಳ ಗೆರೆ ಎಲ್ಲರದಕ್ಕಿಂತ ಎತ್ತರ ಹೋಯಿತು. ಸಾಹೇಬರು ಅವಳ ಊರು ಕೇಳಿದರು. ಗೆರೆ ಇನ್ನೂ ಏರಿತು. ಇದು ಮರ್ಯಾದೆಯೂ ಇರಬಹುದು. ಎಸಿಯ ಚಳಿಗೆ ಬೆರಳು ನಡುಗಿರಬಹುದು. ಕರಿಕೊಪ್ಪಿಯ ಕಬ್ಬಿನಲ್ಲಿ ಒಂದು ಬಂದೂಕು ಇನ್ನೂ ಓಡಾಡುತ್ತಿದೆ, ಅದನ್ನು ತರಲು ಈ ವಾರ ಯಾರನ್ನು ಕಳಿಸುತ್ತಾರೋ. ಸುಧೀಂದ್ರ ಗುಂಡಿ ಒತ್ತಿ ರೇಖೆಯನ್ನು ಸ್ವೀಕರಿಸಿದ.

ಯಮನಪ್ಪ ಬಂದು ಕುಳಿತ. ಮೀಸೆ ಕತ್ತರಿಸಿ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ. ಹಿಡಿಕೆ ಹಿಡಿಯುವ ಮೊದಲು ಸುಧೀಂದ್ರನ ಮುಖ ನೋಡಿದ. ಒಂದು ಗಳಿಗೆ ಹಾಗೇ ನೋಡಿದ.

"ಹೇಗಿದೆ, ಕಟ್ಟಿಯವರೇ?" ಎಂದರು ಸಾಹೇಬರು. "ಈ ಸಲ ಎಲ್ಲ ಸರಿ ಬರುತ್ತಿದೆಯೇ? ನನ್ನಿಂದ ಏನಾದರೂ ಆಗಬೇಕೇ?"

ಆಗಬೇಕಾದದ್ದು ಒಂದೇ ಇತ್ತು. ಅದಕ್ಕೆ ವಿಜ್ಞಾನ ಬೇಕಿರಲಿಲ್ಲ, ಧೈರ್ಯವೂ ಬಹಳ ಬೇಕಿರಲಿಲ್ಲವೇನೋ.

"ಸರಿ ಇದೆ ಸರ್," ಎಂದ ಸುಧೀಂದ್ರ.

ಸರ್, ನೀವು ಸ್ವಲ್ಪ ಹೊತ್ತು ಹೊರಗೆ ಹೋಗಿರಿ ಎಂಬ ಮಾತನ್ನು ಅವನು ಆ ದಿನ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ.